ಅನಗೋಳದ ಡ್ರಮ್ಮು, ಪರದೇಶದ ಕಪ್ಪೆ

ಖಾನಾಪುರದಲ್ಲಿ ಹೇಳುವ ಕಥೆ

ಖಾನಾಪುರದ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ನನ್ನ ದೊಡ್ಡಪ್ಪ ಹೇಳುವ ಕಥೆ ಹೀಗಿದೆ. ಸ್ಕಾಟ್‌ಲ್ಯಾಂಡಿನಲ್ಲಿ ಒಂದು ಭಾರೀ ಪ್ರಯೋಗಾಲಯ. ಅಲ್ಲಿ ಸಾವಿರಾರು ಕಪ್ಪೆಗಳು. ಒಂದು ದಿನ ನಲ್ಲಿಯಲ್ಲಿ ವಿಷದ ನೀರು ಬಂತು. ದೊಡ್ಡ ದೊಡ್ಡ ವಿಜ್ಞಾನಿಗಳು ತಲೆಯ ಮೇಲೆ ಕೈ ಹೊತ್ತು ಕುಳಿತರು. ಆಗ ದೊಡ್ಡಪ್ಪನ ಮಗಳು ನೀಲಾ ಎದ್ದು, ಮೂಲೆಯಲ್ಲಿ ತಾನೇ ತುಂಬಿಸಿಟ್ಟಿದ್ದ ನೀಲಿ ಡ್ರಮ್ಮಿನ ಮುಚ್ಚಳ ತೆಗೆದಳು. ಕಪ್ಪೆಗಳೆಲ್ಲ ಬದುಕಿದವು. "ಅಲ್ಲಿ ಮಂದಿ ಆಕಿ ಕಾಲಿಗೆ ಬೀಳೂದೊಂದ ಬಾಕಿ ಇತ್ತು ನೋಡ್ರಿ" ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಕೇಳುವವರು ಮರಾಠಿಯವರಾದರೆ ದೊಡ್ಡಪ್ಪ ಇದನ್ನೇ ಮರಾಠಿಯಲ್ಲಿ ಹೇಳುತ್ತಾರೆ. ಮರಾಠಿಯಲ್ಲಿ ಕಪ್ಪೆಗಳ ಸಂಖ್ಯೆ ಇನ್ನೂ ಹೆಚ್ಚು.

ದೊಡ್ಡಪ್ಪ ಅಲ್ಲಿರಲಿಲ್ಲ. ನಾನಿದ್ದೆ. ಆದ್ದರಿಂದ ಈ ಕಥೆಗೆ ನಾನು ಎದುರು ಪಕ್ಷ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿರೋಧಿಸಿ ಮಾತಾಡಿ ಮಾತಾಡಿ ನನಗೆ ಅದೇ ಸ್ವಭಾವವಾಗಿಬಿಟ್ಟಿದೆ, ಅವ್ವ "ಪಲ್ಯಾಕ ಉಪ್ಪು ಕಡಿಮಿ ಆಗೇತೇನು?" ಎಂದು ಕೇಳಿದರೂ "ಯಾವುದಕ್ಕ ಹೋಲಿಸಿದ್ರ?" ಎನ್ನುತ್ತೇನೆ. ದೊಡ್ಡಪ್ಪನ ಕಥೆಯಲ್ಲಿ ಸಾವಿರಾರು ಎಂಬುದು ಸುಳ್ಳು, ವಿಷ ಎಂಬುದು ಉತ್ಪ್ರೇಕ್ಷೆ, ಕಾಲಿಗೆ ಬೀಳುವುದು ಆ ದೇಶದಲ್ಲಿ ಇಲ್ಲವೇ ಇಲ್ಲ. ಇವನ್ನು ಬಿಟ್ಟುಕೊಡಬಹುದು. ಆದರೆ ಆ ಡ್ರಮ್ಮು ಕಪ್ಪೆಗಳನ್ನು ಉಳಿಸಿತೋ, ನೀಲಾ ಅಕ್ಕನನ್ನು ಮುಳುಗಿಸಿತೋ? ನಾನು ಅಲ್ಲಿಗೆ ಹೋಗಿಬಂದ ಪ್ರವಾಸದ ತಕರಾರು ಅದು.

ಅಕ್ಕನ ಪರಿಚಯ ಹೇಳಿಬಿಡುತ್ತೇನೆ. ಊರು ಖಾನಾಪುರ, ಆದರೆ ಕಾಲೇಜು ಓದಿದ್ದೆಲ್ಲ ಬೆಳಗಾವಿಯಲ್ಲಿ, ಅನಗೋಳದ ನಮ್ಮ ಮನೆಯಲ್ಲಿದ್ದು. ಈಗ ಮೂರು ವರ್ಷದಿಂದ ಸ್ಕಾಟ್‌ಲ್ಯಾಂಡಿನ ಕಡಲ ತೀರದ ಒಂದು ಊರಿನಲ್ಲಿ ಕಪ್ಪೆಗಳ ಮೇಲೆ ಸಂಶೋಧನೆ. ಕೆಲಸದ ಅವಧಿ ಬರುವ ಬೇಸಿಗೆಯ ಕೊನೆಗೆ ಮುಗಿಯುತ್ತದೆ. ಪ್ರಯೋಗ ಗೆದ್ದರೆ ಇನ್ನಷ್ಟು ವರ್ಷ ಅಲ್ಲೇ. ಸೋತರೆ ಗಂಟು ಕಟ್ಟಿಕೊಂಡು ವಾಪಸು. ಒಂದು ಕಪ್ಪೆಯ ಚರ್ಮದ ತುಣುಕನ್ನು ಇನ್ನೊಂದು ಕಪ್ಪೆಯ ಬೆನ್ನಿಗೆ ಹಚ್ಚಿದರೆ ಅದು ಉಳಿಯುತ್ತದೋ ಉದುರುತ್ತದೋ ಎಂಬುದು ಪ್ರಯೋಗ. ಉಳಿಯಲಿ ಎಂದು ಅನಗೋಳದಲ್ಲಿ ನನ್ನ ಅವ್ವ ದಿನಾ ಲಿಂಗಪೂಜೆಯಲ್ಲಿ ಬೇಡಿಕೊಳ್ಳುತ್ತಾಳೆ. ದೊಡ್ಡಪ್ಪ ಏನು ಬೇಡಿಕೊಳ್ಳುತ್ತಾರೆಂದು, ನಾನು ಹೊರಡುವ ದಿನ ಅವರೇ ನನ್ನ ಕಿವಿಯಲ್ಲಿ ಹೇಳಿದರು.

"ಆ ಕಪ್ಪಿ ಮೈಮ್ಯಾಲಿನ ತ್ಯಾಪಿ ಯಾವಾಗ ಬೀಳತೈತಿ, ನೋಡಿ ಬಾರವಾ."

"ದೊಡ್ಡಪ್ಪಾ, ಅದು ಬಿದ್ರ ಅಕ್ಕನ ಕೆಲಸ ಹೋಗತೈತ್ರಿ."

"ಹೋಗವಲ್ದ್ಯಾಕ! ಮಗಳು ಮನಿಗೆ ಬರತಾಳಲ್ಲ."

ಹೀಗೆ ಒಂದೇ ಚರ್ಮದ ತುಣುಕಿಗೆ ಎರಡು ಊರುಗಳಿಂದ ಎರಡು ಹರಕೆ. ದೇವರಿಗೂ ಪೇಚು.

ರಾಜಧಾನಿ

ನನ್ನ ಪ್ರವಾಸಕ್ಕೆ ನೆಪ ಸ್ಕಾಟ್‌ಲ್ಯಾಂಡಿನ ರಾಜಧಾನಿಯಲ್ಲಿ ನಡೆದ ಒಂದು ಚರ್ಚಾಸ್ಪರ್ಧೆ. ವಿಮಾನ ನಿಲ್ದಾಣದಲ್ಲಿಯೇ ಮೊದಲ ಚರ್ಚೆ ಆಯಿತು. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯ ಡಬ್ಬಿಯನ್ನು ಅಧಿಕಾರಿಯೊಬ್ಬ ತೆರೆಸಿದ. ಕೆಂಪು ಪುಡಿ. ಏನಿದು ಎಂದ. ನೆಲಗಡಲೆ, ಕಾರ, ಬೆಳ್ಳುಳ್ಳಿ ಎಂದು ಒಂದೊಂದಾಗಿ ಹೇಳಿದೆ. ಯಾತಕ್ಕೆ ಎಂದ. ಊಟದ ಬಾಜೂಕ್ಕೆ ಹಚ್ಚಿಕೊಳ್ಳಲು ಎಂದೆ. ಮೂಸಿ ನೋಡಿ ಮೂರು ಸಲ ಸೀನಿದ, ಮೂರು ಸಲವೂ ನನ್ನ ಕ್ಷಮೆ ಕೇಳಿದ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮರಳಿಸಿದ. ನಮ್ಮ ಕಡೆ ಸೀನಿಸಿದವರು ಕ್ಷಮೆ ಕೇಳಬೇಕು. ಅಲ್ಲಿ ಸೀನಿದವರು.

ಸ್ಪರ್ಧೆಯಲ್ಲಿ ನಾವು ಎರಡನೆಯ ಸುತ್ತಿಗೇ ಸೋತೆವು. ತೀರ್ಪುಗಾರರು ನನ್ನ ವಾದವನ್ನು "ಬಹಳ ಕುತೂಹಲಕರ" ಎಂದಿದ್ದರಿಂದ ಗೆದ್ದೆವೆಂದೇ ತಿಳಿದು ನಾನು ಗೆಳತಿಯ ಕೈ ಕುಲುಕಿಬಿಟ್ಟಿದ್ದೆ. ಆಮೇಲೆ ತಿಳಿಯಿತು: ಆ ದೇಶದಲ್ಲಿ ಕುತೂಹಲಕರ ಅಂದರೆ ಕೆಲಸಕ್ಕೆ ಬಾರದ್ದು. ನಿಜಕ್ಕೂ ಚೆನ್ನಾಗಿದ್ದರೆ "ಅಷ್ಟೇನೂ ಕೆಟ್ಟಿಲ್ಲ" ಎನ್ನುತ್ತಾರೆ. ನಮ್ಮ ಎದುರಾಳಿಗಳ ಮಾತು ಅಷ್ಟೇನೂ ಕೆಟ್ಟಿರಲಿಲ್ಲವಂತೆ; ಅವರಿಗೆ ಕಪ್ ಬಂತು.

ತಂಡದವರು ಊರಿಗೆ ಹೊರಟರು. ನಾನು ಬಸ್ ಹತ್ತಿ ಅಕ್ಕನ ಊರಿಗೆ ಹೊರಟೆ. ಆ ಬಸ್ಸಿನಲ್ಲಿ ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಧನ್ಯವಾದ ಹೇಳಿ ಇಳಿಯುತ್ತಾರೆ. ನಾನೂ ಹೇಳಿದೆ, ಹೇಳಿ ಖುಷಿಪಟ್ಟೆ. ಖಾನಾಪುರದ ಬಸ್ಸಿನಲ್ಲಿ ಹೀಗೆ ಹೇಳಿದರೆ ಕಂಡಕ್ಟರ್ ಅನುಮಾನಪಟ್ಟು "ಟಿಕೆಟ್ ತಗೊಂಡೀರಿಲ್ಲೋ?" ಎಂದು ತಡೆದು ನಿಲ್ಲಿಸಿಯಾನು.

ಕಡಲ ತೀರದ ಊರು

ಅಕ್ಕ ನಿಲ್ದಾಣಕ್ಕೆ ಬಂದಿದ್ದಳು. ನಾನು ಎರಡು ಸ್ವೆಟರ್, ಮೇಲೊಂದು ಕೋಟು, ಅದರ ಮೇಲೆ ಅವ್ವನ ಶಾಲು ಹೊದ್ದು ಇಳಿದೆ. ಅಕ್ಕ ಒಂದು ತೆಳು ಸ್ವೆಟರಿನಲ್ಲಿ ನಿಂತು ನಗುತ್ತಿದ್ದಳು.

"ಏನ್ಬೇ ಅಕ್ಷು, ಗಾದಿ ಸುತ್ತಿಕೊಂಡು ಬಂದೀಯಲ್ಲ!"

"ನಿನಗ ಥಂಡಿ ಆಗಂಗಿಲ್ಲೇನು?"

"ಈಗ ಏನೂ ಅನಸಂಗಿಲ್ಲ. ನಮ್ಮೂರಾಗ ಇದು ಥಂಡಿನ ಅಲ್ಲ."

"ಯಾವ ನಮ್ಮೂರು?"

ಅಕ್ಕ ಒಂದು ಕ್ಷಣ ತಡವರಿಸಿದಳು. ಚರ್ಚೆಯಲ್ಲಾದರೆ ಅಲ್ಲೇ ನಾನು ಅಂಕ ಗಳಿಸಿಬಿಡುತ್ತಿದ್ದೆ. "ಸುಮ್ನ ನಡಿ," ಎಂದು ನನ್ನ ಚೀಲ ಕಿತ್ತುಕೊಂಡಳು.

ಆದರೆ ಅವಳ ಮನೆಯ ಬಾಗಿಲು ತೆರೆದ ಕೂಡಲೇ ನನಗೆ ಅನಗೋಳ ಕಂಡಿತು. ಬಚ್ಚಲಿನಲ್ಲಿ ಎರಡು ಬಕೆಟ್ ತುಂಬಿ ನೀರು. ಅಡಿಗೆಮನೆಯಲ್ಲಿ ಸಾಲಾಗಿ ಪಾತ್ರೆಗಳು, ಎಲ್ಲದರಲ್ಲೂ ನೀರು, ಎಲ್ಲಕ್ಕೂ ಮುಚ್ಚಳ. ನಮ್ಮ ಓಣಿಯಲ್ಲಿ ನೀರು ಬರುವುದು ಕೆಲವು ದಿನಗಳಿಗೊಮ್ಮೆ. ಬಂದಾಗ ಉಂಡದ್ದು ಬಿಟ್ಟು ಎದ್ದು ತುಂಬಿಸಬೇಕು. ಇದ್ದ ಡ್ರಮ್ಮು, ಕೊಡ, ಬೋಗುಣಿ, ಕೊನೆಗೆ ಚಹಾದ ಕಪ್ಪಿನವರೆಗೂ. ಇಲ್ಲಿ ನಲ್ಲಿ ತಿರುವಿದರೆ ಯಾವಾಗ ಬೇಕಾದರೂ ನೀರು, ಕುಡಿಯುವ ನೀರು.

"ಅಕ್ಕಾ, ಇಲ್ಲಿ ನೀರು ಹೋಗತೈತೇನು?"

"ಒಂದ ದಿನಾನೂ ಹೋಗಿಲ್ಲ."

"ಮತ್ತ ಇದೆಲ್ಲಾ?"

"ಇರಲಿ. ತುಂಬಿದ್ದು ಎಲ್ಲೀಗಿ ಹೋಗತೈತಿ?"

ನಾನು ನಗಬೇಕೆಂದಿದ್ದೆ. ಆದರೆ ಮರುದಿನ ಬೆಳಗಾಗುವಾಗ ಪಕ್ಕದ ಮನೆಯ ನಲ್ಲಿಯ ಸಪ್ಪಳ ಗೋಡೆಯಾಚೆಯಿಂದ ಕೇಳಿದ್ದೇ ತಡ, ನಾನು "ನೀರು ಬಂತು!" ಎಂದು ಹಾಸಿಗೆಯಿಂದ ಹಾರಿ ಬಚ್ಚಲಿಗೆ ಓಡಿದ್ದೆ. ಅಲ್ಲಿ ಬಕೆಟ್ ಹಿಡಿದು ಅಕ್ಕ ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಆ ವಿಷಯ ಎತ್ತಲಿಲ್ಲ.

ಕಪ್ಪೆಗಳ ಕೋಣೆ

ಕಪ್ಪೆಗಳ ಕೋಣೆ ಬೆಚ್ಚಗಿತ್ತು, ಹಸಿಹಸಿ ವಾಸನೆ. ಗೋಡೆಗೆ ಕಪಾಟಿನಂತೆ ನಿಂತ ತೊಟ್ಟಿಗಳಲ್ಲಿ, ಯಂತ್ರ ಶುದ್ಧಮಾಡಿ ಹದಮಾಡಿದ ನೀರು ತಾನಾಗಿ ಹರಿಯುತ್ತಿತ್ತು. ಅದರೊಳಗೆ ಚಪ್ಪಟೆ ಮೈಯ, ಕಣ್ಣು ಮೇಲಕ್ಕಿಟ್ಟುಕೊಂಡ ಕಪ್ಪೆಗಳು. ಖಾನಾಪುರದಾಚೆ ಹಲಸಿ ಊರಿನ ಗುಡಿಯ ಹತ್ತಿರ ಮಳೆಗಾಲದಲ್ಲಿ ಕಿವಿ ಕಿವುಡಾಗುವಂತೆ ವಟಗುಟ್ಟುವ ನಮ್ಮ ಕಪ್ಪೆಗಳ ಮುಂದೆ ಇವು ಬಹಳ ಸಭ್ಯ.

ಕೋಣೆಯ ಒಡತಿ ಮೊರಾಗ್ ಎಂಬ ಐವತ್ತು ದಾಟಿದ ಹೆಂಗಸು. ಕಪ್ಪೆಗಳ ಊಟ, ನೀರು, ಆರೋಗ್ಯ ಎಲ್ಲ ಅವಳದೇ. ಕಿಟಕಿಯ ಕೆಳಗೆ, ಹೊರಗೋಡೆಗೆ ಆತು ನಿಂತ ಎತ್ತರದ ನೀಲಿ ಡ್ರಮ್ಮು ತೋರಿಸಿ, "ಇದು ನಿಮ್ಮಕ್ಕನ ಹಿಂದೂ ಮಹಾಸಾಗರ. ಹಡಗು ಬರುವುದನ್ನೇ ಕಾಯುತ್ತಿದ್ದೇವೆ," ಎಂದಳು.

ಅಕ್ಕನಿಗೆ ಯಂತ್ರದ ನೀರಿನ ಮೇಲೆ ನಂಬಿಕೆಯಿಲ್ಲ. ಬಾಲ ಉದುರುವ ವಯಸ್ಸಿನ ಮರಿಗಳು ಹರಿಯುವ ನೀರಿನಲ್ಲಿ ತತ್ತರಿಸುತ್ತವೆಂದು ಅವನ್ನು ಡ್ರಮ್ಮಿನ ಪಕ್ಕದ ಟಬ್ಬುಗಳಲ್ಲಿ ಇಟ್ಟಿದ್ದಳು. ಅವಕ್ಕೆ ದಿನವೂ ಡ್ರಮ್ಮಿನಲ್ಲಿ ನಿಂತ ನೀರು. ನೀರು ನಿಂತರೆ ಕಪ್ಪೆಗಳಿಗೆ ಆಗದ ಕ್ಲೋರಿನ್ ಹಾರಿಹೋಗುತ್ತದೆ. ಹಾರಿಹೋಗಲಿ ಎಂದು ಕಿಟಕಿಯನ್ನೂ ಸ್ವಲ್ಪ ತೆರೆದೇ ಇಡುತ್ತಿದ್ದಳು. ಅನಗೋಳದಲ್ಲಿ ಅವ್ವ ಮಾಡುವುದೂ ಇದನ್ನೇ: ಬಂದ ನೀರಿನ ವಾಸನೆ ಹೋಗಲೆಂದು ಒಂದು ರಾತ್ರಿ ಡ್ರಮ್ಮಿನ ಮುಚ್ಚಳ ಓರೆಮಾಡಿಡುವುದು.

ಅಕ್ಕ ಟಬ್ಬಿನಲ್ಲೊಂದು ಮರಿ ತೋರಿಸಿದಳು. ಮುಂದಿನ ಕಾಲು ಬಂದಿತ್ತು, ಬಾಲ ಇನ್ನೂ ಮೊಂಡಾಗಿ ಉಳಿದಿತ್ತು. ನಾನು ದೊಡ್ಡಪ್ಪನಿಂದ ಕಲಿತ ಪಾಠ ಒಪ್ಪಿಸಿದೆ: "ಬಾಲ ಉದುರೂ ಮುಂದ, ರೋಗ ಬರದಂಗ ಕಾಯೂ ಮೈಯಾಗಿನ ಕಾವಲಗಾರರು ಮಲಗತಾರ. ಆಗ ಯಾರ ಚರ್ಮ ಹಚ್ಚಿದ್ರೂ ನಡೀತೈತಿ. ಹೌದಿಲ್ಲೋ?"

"ಅಪ್ಪಾಗ ಎಷ್ಟ ಸಲ ಹೇಳೀನಿ, ಮಲಗಂಗಿಲ್ಲ ಅಂತ!" ಅಕ್ಕನಿಗೆ ಸಿಟ್ಟೇ ಬಂತು. "ಮರಿ ಕಪ್ಪಿ ಆಗೂ ಮುಂದ ಮೈಯಾಗ ಹೊಸಾ ಹೊಸಾ ಪದಾರ್ಥ ಹುಟ್ಟತಾವು. ಹಳೇ ಕಾವಲಗಾರರು ಅವನ್ನ ಎಂದೂ ನೋಡಿಲ್ಲ. ಇವರ‍್ಯಾರೋ ಕಳ್ಳರು ಅಂತ ತಮ್ಮ ಮೈನ ತಾವ ಕಡದುಬಿಟ್ಟಾರು. ಅದಕ್ಕ ಹಳಬರೊಳಗ ಭಾಳ ಮಂದೀನ ಮನಿಗೆ ಕಳಿಸಿ, ಹೊಸಬರನ್ನ ತಯಾರ ಮಾಡತೈತಿ."

"ಅಂದ್ರ?"

"ಖಾನಾಪುರ ಬಸ್ಸಿಗೆ ಹೊಸಾ ಕಂಡಕ್ಟರ್ ಬಂದ ಅಂತ ತಿಳಕೋ. ಮೊದಲನೇ ದಿನ ಬಸ್ಸಾಗ ಯಾರ‍್ಯಾರು ಕುಂತಿರತಾರ, ಅವರನ್ನೆಲ್ಲಾ ಇವರು ದಿನಾ ಬರೂ ಮಂದಿ ಅಂತ ತಿಳೀತಾನ. ಅವತ್ತ ಬ್ಯಾರೇ ಊರಾವ ಒಬ್ಬ ಬಂದು ಕುಂತಿದ್ದ ಅಂದ್ರೂ, ಅವನೂ ನಮ್ಮಾವನ. ಅಂಥಾವ ತಿಂಗಳು ಬಿಟ್ಟು ಮೊದಲನೇ ಸಲ ಬಂದ್ರ? ಯಾರ‍್ರೀ ನೀವು, ಇಳೀರಿ ಅಂತಾನ."

ಒಪ್ಪಬಹುದಾದ ವಾದ. ಒಡಹುಟ್ಟಿದ ಕಪ್ಪೆಯ ಚರ್ಮವನ್ನು ಆ ವಯಸ್ಸಿನಲ್ಲಿ ಹಚ್ಚಿದರೆ ಉಳಿಯುತ್ತದೆಂದು ಹಿಂದಿನವರೇ ಕಂಡಿದ್ದಾರಂತೆ. ಸಂಬಂಧವೇ ಇಲ್ಲದ ಕಪ್ಪೆಯದನ್ನು ಹಚ್ಚಿದರೆ ಉಳಿಯುವುದು ಕಷ್ಟ. ತಡವಾಗಿಯಾದರೂ ಬೀಳುವುದೇ ಹೆಚ್ಚು. ಅಕ್ಕ ಹಚ್ಚಿದ್ದು ಅಂಥದ್ದನ್ನು. ಹೋಲಿಸಿ ನೋಡಲೆಂದು, ಬಾಲ ಹೋಗಿ ಪೂರ್ತಿ ಕಪ್ಪೆಯಾದ ಮೇಲೂ ಕೆಲವಕ್ಕೆ ಹಚ್ಚಿ ತೊಟ್ಟಿಗಳಲ್ಲಿ ಇಟ್ಟಿದ್ದಳು. ಅವಳ ಮರಿಗಳು ಬೆಳೆದು ಕಪ್ಪೆಯಾದ ಮೇಲೂ ಟಬ್ಬಿನಲ್ಲೇ ಇದ್ದವು, ಅವುಗಳ ಮೇಲೆ ಆ ತೇಪೆ ಇನ್ನೂ ಇತ್ತು. ಶುಕ್ರವಾರದ ಸಭೆಯಲ್ಲಿ ಇದನ್ನು ಎಲ್ಲರ ಮುಂದೆ ಇಡುವವಳಿದ್ದಳು. ಅವಳ ಮುಂದಿನ ವರ್ಷಗಳೆಲ್ಲ ಆ ಸಭೆಯ ಮೇಲೆ ನಿಂತಿದ್ದವು.

"ಹೊಲಿಗಿ ಹಾಕತೀಯೇನು?" ಎಂದು ಕೇಳಿದೆ. ಅವ್ವ ಕೇಳಿಕೊಂಡು ಬಾ ಎಂದಿದ್ದಳು.

"ಒಂದ ಟಾಕಾನೂ ಇಲ್ಲ. ನೀರಾಗ ಔಷಧ ಬೆರಸಿ ಮಲಗಿಸಿ, ಬೆನ್ನಿನ ಚರ್ಮದ ಕೆಳಗ ತುಣುಕನ್ನ ಜಾರಿಸಿ ಇಡೂದು. ಅದು ಅಂಟಿಕೊಂಡ ಮ್ಯಾಲೆ ಮ್ಯಾಲಿನ ಚರ್ಮದಾಗ ಸಣ್ಣ ಕಿಡಿಕಿ ಕತ್ತರಸೂದು. ಕಿಡಿಕ್ಯಾಗಿಂದ ಅದು ಹೊರಗ ನೋಡತೈತಿ."

ತುಣುಕು ಹೊಟ್ಟೆಯ ಕಡೆಯ ಚರ್ಮದ್ದು. ಕಪ್ಪುಬೆನ್ನಿನ ಮೇಲೆ ಬೆಳ್ಳಿಯ ಹಾಗೆ ಮಿನುಗುತ್ತದೆ. ಮೈ ಅದನ್ನು ಒಲ್ಲೆ ಎಂದಾಗ ಮೊದಲು ಕೆಂಪಾಗಿ, ಆಮೇಲೆ ಮಿನುಗು ಆರಿ, ಕೊನೆಗೆ ಕುಗ್ಗಿ ಹೋಗುತ್ತದೆ.

ಗಂಟೆ ಹೊಡೆದ ದಿನ

ದೊಡ್ಡಪ್ಪನ 'ವಿಷದ ನೀರು' ಬಂದದ್ದು ಮಂಗಳವಾರ. ರಸ್ತೆಯ ಕೊಳವೆ ರಿಪೇರಿ ಮಾಡಿ ತೊಳೆಯಲು ಕ್ಲೋರಿನ್ ಜಾಸ್ತಿ ಬಿಟ್ಟಿದ್ದರು. ಯಂತ್ರಕ್ಕೆ ಅದು ತಿಳಿದು ಗಂಟೆ ಬಾರಿಸಿತು, ಹೊಸ ನೀರು ಬರುವ ದಾರಿಯನ್ನೂ ತಾನೇ ಮುಚ್ಚಿತು. ಕಪ್ಪೆಗಳು ಸಾಯುವ ಪ್ರಶ್ನೆಯೇ ಇರಲಿಲ್ಲ. ಹಳೆಯ ನೀರಿನಲ್ಲಿ ಇನ್ನೊಂದು ದಿನ ಹಾಯಾಗಿ ಇರುತ್ತಿದ್ದವು. ಇದನ್ನು ನಾನು ದೊಡ್ಡಪ್ಪನಿಗೆ ಎಷ್ಟು ಸಲ ಹೇಳಿದರೂ ಅವರು "ಇರಲಿ, ಆದ್ರ ಸಾಯಬಹುದಿತ್ತಲ್ಲ" ಎನ್ನುತ್ತಾರೆ.

ಕೊಳಕಾಗಿದ್ದ ಒಂದೆರಡು ತೊಟ್ಟಿಗಳ ನೀರು ಮಾತ್ರ ಬದಲಿಸಬೇಕಿತ್ತು. ಮೊರಾಗ್ ಸೊಂಟದ ಮೇಲೆ ಕೈಯಿಟ್ಟು ಡ್ರಮ್ಮಿನ ಕಡೆ ನೋಡಿದಳು. ಅಕ್ಕ ತಂಬಿಗೆಯಂಥದೊಂದು ಎತ್ತಿಕೊಂಡಳು. ಅವಳ ಮುಖದಲ್ಲಿದ್ದ ಗೆಲುವು ನಾನು ಯಾವ ಕಪ್ ಗೆದ್ದವರ ಮುಖದಲ್ಲೂ ಕಂಡಿಲ್ಲ. ಅನಗೋಳದ ಒಂದು ಓಣಿಗೆ ಓಣಿಯೇ ಆ ಮುಖದಲ್ಲಿ ತುಂಬಿತ್ತು.

ಮೊದಲ ತಂಬಿಗೆ ಸುರಿದಾಗ ತೊಟ್ಟಿಯ ಕಪ್ಪೆಗಳು ಧಡಕ್ಕನೆ ಜಿಗಿದವು.

"ತಣ್ಣಗಿದೆ ಕಣೇ ನಿನ್ನ ಸಾಗರ," ಎಂದಳು ಮೊರಾಗ್, ಮುಖಕ್ಕೆ ಸಿಡಿದ ನೀರು ಒರೆಸಿಕೊಳ್ಳುತ್ತ. ಬಿಸಿನೀರಿನ ಪಾತ್ರೆಯೊಳಗೆ ಬಕೆಟ್ ಇಟ್ಟು ಬೆಚ್ಚಗೆ ಮಾಡಿ ಆಮೇಲೆ ಸುರಿದೆವು. ಮೂವರೂ ನಕ್ಕೆವು. ಆ ಸಂಜೆ ಅಕ್ಕ ಊರಿಗೆ ಫೋನು ಮಾಡಿ ತಮಾಷೆಯಾಗಿ ಸಂಗತಿ ಹೇಳಿದಳು. ಆಚೆಯಿಂದ ದೊಡ್ಡಪ್ಪ "ಕಾಯ್ ಸಾಂಗತೇಸ್!", ಏನು ಹೇಳ್ತೀ ಎಂದು ಮರಾಠಿಯಲ್ಲಿ ಕೂಗಿದ್ದು ನನಗೂ ಕೇಳಿತು. ಸಂತೋಷ ಮಿತಿಮೀರಿದಾಗ ಅವರಿಗೆ ಕನ್ನಡ ಸಾಲುವುದಿಲ್ಲ. ಆ ಕೂಗಿನಲ್ಲೇ ಸಾವಿರಾರು ಕಪ್ಪೆಗಳು ಹುಟ್ಟಿದವು.

ಬೆವೆತ ಬಟ್ಟಲುಗಳು

ಗುರುವಾರ ಅಕ್ಕ ನನಗೊಂದು ಕೆಲಸ ಕೊಟ್ಟಳು. ಸಭೆಗೆ ಮೊದಲು ತೇಪೆಗಳನ್ನು ಕೊನೆಯ ಸಲ ಪರೀಕ್ಷಿಸಬೇಕು. ಯಾವ ಕಪ್ಪೆ ಯಾವ ಗುಂಪಿನದೆಂದು ಗೊತ್ತಿಲ್ಲದವರು ನೋಡಿ ಹೇಳಬೇಕೆಂಬುದು ಅವರ ಪದ್ಧತಿ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನು ನೋಡುತ್ತದೆ. ದಿನಾ ಈ ಕೆಲಸ ಮಾಡುವಾತ ಜ್ವರದಿಂದ ಮಲಗಿದ್ದ.

"ನಾನ್ಯಾಕ?"

"ನಿನಗ ಏನೂ ಗೊತ್ತಿಲ್ಲ. ಅದ ನಿನ್ನ ಯೋಗ್ಯತಾ," ಎಂದಳು ಅಕ್ಕ.

ಚರ್ಚಾಸ್ಪರ್ಧೆಯ ತೀರ್ಪುಗಾರರನ್ನೂ ಹೀಗೇ ಆರಿಸುತ್ತಾರೆಂದು ನನಗೆ ಮೊದಲಿನಿಂದ ಅನುಮಾನವಿತ್ತು.

ಅಕ್ಕ ಮೇಜಿನ ಆಚೆ ಕುಳಿತಳು. ಮೊರಾಗ್ ಒಂದೊಂದೇ ಬಟ್ಟಲಿನಲ್ಲಿ ಕಪ್ಪೆಯನ್ನು ಅದರದೇ ನೀರಿನೊಂದಿಗೆ ತಂದು ಭೂತಗನ್ನಡಿಯ ಕೆಳಗೆ ಇಡುತ್ತಿದ್ದಳು. ನಾನು ಮುಟ್ಟಬಾರದು, ನೋಡಿ ಹೇಳಬೇಕಷ್ಟೆ.

"ಹೊಳ್ಯಾಕತ್ತೈತಿ," ಎಂದೆ. ಮುಂದಿನದು. "ಮಸಕಾಗೇತಿ." ಮುಂದಿನದು. "ಹೋಗೇತಿ, ಬರೇ ಕಲಿ ಉಳದೈತಿ." "ಹೊಳ್ಯಾಕತ್ತೈತಿ." ಪ್ರತಿ ಸಲ ಹೊಳೆಯುವುದು ಬಂದಾಗ ಅಕ್ಕ ಉಸಿರು ಬಿಡುವುದು ಕೇಳುತ್ತಿತ್ತು. ನಾನು ಅವಳ ಮುಖ ನೋಡಬಾರದೆಂದು ಮೇಜನ್ನೇ ನೋಡುತ್ತ ಕುಳಿತೆ. ಹಾಗೆ ಮೇಜು ನೋಡುತ್ತಿದ್ದುದರಿಂದಲೇ ಕಂಡಿತು.

ಕೆಲವು ಬಟ್ಟಲುಗಳನ್ನು ಎತ್ತಿದಾಗ ಮೇಜಿನ ಮೇಲೆ ನೀರಿನ ಬಳೆ ಉಳಿಯುತ್ತಿತ್ತು. ಕೆಲವು ಉಳಿಸುತ್ತಿರಲಿಲ್ಲ. ಮುಂದಿನ ಬಟ್ಟಲು ಬಂದಾಗ ಕಪ್ಪೆಯನ್ನು ಬಿಟ್ಟು ಬಟ್ಟಲನ್ನೇ ನೋಡಿದೆ. ಹೊರಮೈ ಬೆವೆತಿತ್ತು, ಬೇಸಿಗೆಯಲ್ಲಿ ತಣ್ಣನೆಯ ಮಜ್ಜಿಗೆಯ ಲೋಟ ಬೆವೆಯುವ ಹಾಗೆ. ಒಳಗೆ ಇಣುಕಿದೆ. ತೇಪೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಮುಂದಿನದರ ಹೊರಮೈ ಒಣಗಿತ್ತು. ತೇಪೆ ಮಸಕು. ಅದರ ಮುಂದಿನದು ಬೆವೆತಿತ್ತು. ನೋಡುವ ಮೊದಲೇ "ಹೊಳೀತೈತಿ" ಎಂದುಬಿಟ್ಟೆ. ಹೊಳೆಯುತ್ತಿತ್ತು.

"ಅಕ್ಕಾ," ಎಂದೆ, "ಬೆವತ ಬಟ್ಟಲೆಲ್ಲಾ ನಿನ್ನ ಟಬ್ಬಿನವು. ಹೌದಿಲ್ಲೋ?"

"ಅದನ್ನ ನಿನಗ ಯಾರ ಹೇಳಿದ್ರು?"

"ಬಟ್ಟಲು ಹೇಳ್ತು. ಒಳಗ ನೀರು ಥಂಡ ಐತಿ, ಅದಕ್ಕ ಬೆವರಾಕತ್ತಾವು. ಬಾಲ ಉದುರೂ ಮುಂದ ತ್ಯಾಪಿ ಹಚ್ಚಿದ್ದು ಥಂಡ ನೀರಾಗ. ಆಮ್ಯಾಲೆ ಹಚ್ಚಿದ್ದು ಬೆಚ್ಚಗಿನ ನೀರಾಗ. ಹಿಂಗಾದ್ರ ತ್ಯಾಪಿ ಉಳದಿದ್ದು ವಯಸ್ಸಿನಿಂದನೋ, ಥಂಡಿಯಿಂದನೋ?"

ಇದನ್ನು ಕೇಳಲು ನನಗೆ ಜಾಣತನವೇನೂ ಬೇಕಿರಲಿಲ್ಲ. ಅಪ್ಪ ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹದ ಎರಕದ ಕಾರ್ಖಾನೆಯಲ್ಲಿರುವವರು. ಮನೆಯಲ್ಲಿ ರೊಟ್ಟಿ ಸೀದರೂ, ಹಾಲು ಒಡೆದರೂ, ನನ್ನ ಗಂಟಲು ಕೆಟ್ಟರೂ ಅವರ ಮೊದಲ ಪ್ರಶ್ನೆ ಒಂದೇ: "ಬಿಸಿ ಎಷ್ಟಿತ್ತು?"

ಅಕ್ಕ ಬಟ್ಟಲಿನ ಹೊರಮೈಗೆ ಬೆರಳು ಹಚ್ಚಿ ನೋಡಿದಳು. ಮೊರಾಗ್‌ಗೆ ಕನ್ನಡ ಬರುವುದಿಲ್ಲ, ಆದರೆ ಅವಳೂ ಬಟ್ಟಲನ್ನೇ ನೋಡುತ್ತಿದ್ದಳು. ಎದ್ದು ಹೋಗಿ ಉಷ್ಣಮಾಪಕ ತಂದು ಮೊದಲು ಒಣ ಬಟ್ಟಲಿಗೆ, ಆಮೇಲೆ ಬೆವೆತ ಬಟ್ಟಲಿಗೆ ಅದ್ದಿದಳು. ನಾಲ್ಕೈದು ಡಿಗ್ರಿ ವ್ಯತ್ಯಾಸ. ಮಂಗಳವಾರ ಅದೇ ನೀರು ಅವಳ ಮುಖಕ್ಕೆ ಸಿಡಿದಿತ್ತು. ಮೂವರೂ ನಕ್ಕು ಮರೆತಿದ್ದೆವು.

"ಕಪ್ಪೀಗಿ ತನ್ನ ಮೈ ಬಿಸಿ ಇಲ್ಲ," ಎಂದಳು ಅಕ್ಕ. "ನೀರು ಎಷ್ಟು ಥಂಡ, ಮೈ ಅಷ್ಟ ಥಂಡ. ಥಂಡ್ಯಾಗ ಕಾವಲಗಾರರ ಕೈಕಾಲು ಜಡ್ಡುಗಟ್ಟತಾವು. ಬ್ಯಾರೇದವರ ಚರ್ಮ ಅಂತ ಗೊತ್ತಿದ್ರೂ ಏನೂ ಮಾಡಂಗಿಲ್ಲ. ಇದು ನನಗ ಗೊತ್ತೈತಿ, ಅಕ್ಷು. ಬೇಕಾದಷ್ಟ ಸಲ ಓದೀನಿ."

"ಮತ್ತ ಉಷ್ಣಮಾಪಕ?"

"ತೊಟ್ಟಿಗೆ ಐತಿ. ಡ್ರಮ್ಮಿಗೆ ಯಾರು ಇಡತಾರ? ಪ್ರಯೋಗ ಚಾಲೂ ಮಾಡಿದಾಗ ಬ್ಯಾಸಗಿ ಇತ್ತು, ಎರಡೂ ಒಂದ ಇದ್ವು. ಥಂಡಿ ಯಾವಾಗ ಬಂತು ನನಗ ಗೊತ್ತ ಆಗಲಿಲ್ಲ." ತನ್ನ ಅಂಗೈ ನೋಡಿಕೊಂಡು, "ಕೈ ಹಾಕತಿದ್ದೆ, ದಿನಾ. ನನಗ ಥಂಡ ಅನಸಲೇ ಇಲ್ಲ," ಎಂದಳು.

ನಾನು ಗೆದ್ದಿದ್ದೆ. ಕಪ್ಪು ಬೆನ್ನಿನ ಮೇಲೆ ಬೆಳ್ಳಿ ತುಣುಕು ಹೊತ್ತ ಆ ಪುಟ್ಟ ಕಪ್ಪೆ ಬಟ್ಟಲಿನಲ್ಲಿ ಅಲ್ಲಾಡದೆ ಕುಳಿತಿತ್ತು. ಇಷ್ಟು ಕೆಟ್ಟ ಗೆಲುವು ನನಗೆ ಹಿಂದೆ ಎಂದೂ ಸಿಕ್ಕಿರಲಿಲ್ಲ. "ಹಂಗಂತ ಅದ ಕಾರಣ ಅಂತ ಏನಿಲ್ಲ ಬಿಡು," ಎಂದು ನನ್ನ ವಾದಕ್ಕೆ ನಾನೇ ಎದುರು ಪಕ್ಷವಾದೆ. ಅಕ್ಕ ಕೇಳಿಸಿಕೊಳ್ಳಲಿಲ್ಲ. ಎದ್ದು ಹೋಗಿ ಕಿಟಕಿ ಮುಚ್ಚಿದಳು.

ಶುಕ್ರವಾರದ ಸಭೆ

ಅಕ್ಕ ಸಭೆಗೆ ಬರಬೇಡ ಎನ್ನುತ್ತಾಳೆಂದುಕೊಂಡಿದ್ದೆ. "ಬಾ. ನೀ ಹಚ್ಚಿದ ಬೆಂಕಿ, ನೀನ ಕಾಸಿಕೋ," ಎಂದಳು. ನಾನು ಹಿಂದಿನ ಕುರ್ಚಿಯಲ್ಲಿ ಮೊರಾಗ್ ಪಕ್ಕ ಕುಳಿತೆ. ಮುಂದೆ ಅಕ್ಕನ ಪ್ರೊಫೆಸರು, ಬಿಳಿ ಗಡ್ಡದ ಸಣಕಲು ಮನುಷ್ಯ, ಬಿಸ್ಕತ್ತು ಮುರಿಯುತ್ತ ಕುಳಿತಿದ್ದರು.

ಅವಳು ಒಂದು ವಾರದಿಂದ ತಯಾರಿಸಿದ ಭಾಷಣದ ಮೊದಲ ಅರ್ಧ ಹಾಗೇ ಹೇಳಿದಳು. ಬೆಳ್ಳಿ ತುಣುಕುಗಳ ಚಿತ್ರ ತೋರಿಸಿದಳು. ಪ್ರೊಫೆಸರು "ಕುತೂಹಲಕರ" ಎಂದರು. ಸೋತಳು ಎಂದುಕೊಂಡೆ. ಆ ಪದದ ಅರ್ಥ ನನಗೆ ಗೊತ್ತಿತ್ತಲ್ಲ. ಆಮೇಲೆ ಅಕ್ಕ ಡ್ರಮ್ಮಿನ ಫೋಟೋ ಹಾಕಿದಳು. ಕಿಟಕಿಯ ಕೆಳಗೆ, ಹೊರಗೋಡೆಗೆ ಆತು ನಿಂತ ನೀಲಿ ಡ್ರಮ್ಮು. ಕೆಲವರು ನಕ್ಕರು. ಅಕ್ಕ ಕಾದಳು. ಆಮೇಲೆ ಎರಡು ಬಟ್ಟಲುಗಳ ಫೋಟೋ: ಒಂದು ಒಣಗಿದ್ದು, ಒಂದು ಬೆವೆತದ್ದು. ಈ ಸಲ ಯಾರೂ ನಗಲಿಲ್ಲ.

"ನನ್ನ ಊರಿನಲ್ಲಿ ನೀರು ದಿನಾ ಬರುವುದಿಲ್ಲ," ಎಂದಳು, ಅವರ ಭಾಷೆಯಲ್ಲಿ. "ಬಂದಾಗ ತುಂಬಿಡುತ್ತೇವೆ. ಇಲ್ಲಿ ಅದರ ಅಗತ್ಯವಿರಲಿಲ್ಲ, ಆದರೂ ತುಂಬಿಟ್ಟೆ. ಆದ್ದರಿಂದ ಇವತ್ತು ನನ್ನ ಬಳಿ ಫಲಿತಾಂಶವಿಲ್ಲ, ಡ್ರಮ್ಮು ಇದೆ. ಅರ್ಧ ಕಪ್ಪೆಗಳನ್ನು ಬೆಚ್ಚಗಿನ ನೀರಿಗೆ ಹಾಕುತ್ತೇನೆ. ತೇಪೆ ಬಿದ್ದರೆ ಅವು ಅದನ್ನು ಎಂದೂ ಒಪ್ಪಿರಲಿಲ್ಲ ಎಂದರ್ಥ. ಉಳಿದರೆ, ಉಳಿಯಿತು."

ಪ್ರೊಫೆಸರು ಬಿಸ್ಕತ್ತು ಕೆಳಗಿಟ್ಟರು. ಪರದೆಯ ಮೇಲಿನ ಬೆವೆತ ಬಟ್ಟಲನ್ನೇ ನೋಡುತ್ತ, "ಅಷ್ಟೇನೂ ಕೆಟ್ಟಿಲ್ಲ," ಎಂದರು.

ನಾನು ಒಬ್ಬಳೇ ಚಪ್ಪಾಳೆ ತಟ್ಟಿಬಿಟ್ಟೆ. ಕೋಣೆಯವರೆಲ್ಲ ತಿರುಗಿ ನೋಡಿದರು. ಮೊರಾಗ್ ನನ್ನ ಕೈ ಹಿಡಿದು ಮಡಿಲಲ್ಲಿ ಇಳಿಸಿದಳು. ಬೇಸಿಗೆಯೊಳಗೆ ಉತ್ತರ ತನ್ನಿ, ಆಮೇಲೆ ಮುಂದಿನ ಮಾತು ಎಂದರು ಪ್ರೊಫೆಸರು. ಕೆಲಸ ಉಳಿಯಿತೋ ಹೋಯಿತೋ ಎಂಬುದನ್ನು ಅವರೂ ಕಪ್ಪೆಗಳಿಗೇ ಬಿಟ್ಟರು.

ಮರುದಿನ ನಾನು ಹೊರಡುವಾಗ ಅಕ್ಕ ಹಿಂಡಿಯ ಖಾಲಿ ಡಬ್ಬಿ ತೊಳೆದು ಕೊಟ್ಟಳು. ಬಸ್ ನಿಲ್ದಾಣದ ತನಕ ನನ್ನ ಜೊತೆ ಬಂದಳು. ಅವಳ ಮೈಮೇಲೆ ಅದೇ ತೆಳು ಸ್ವೆಟರ್. ನಾನು ಅವ್ವನ ಶಾಲು ತೆಗೆದು ಅವಳ ಹೆಗಲಿಗೆ ಹಾಕಿದೆ. "ನನಗೇನೂ ಬ್ಯಾಡ," ಎಂದಳು. ತೆಗೆಯಲಿಲ್ಲ.

ಮತ್ತೆ ಖಾನಾಪುರ

ಊರಿಗೆ ಬಂದು ಕೆಲವು ವಾರಗಳಾದ ಮೇಲೆ ಖಾನಾಪುರಕ್ಕೆ ಹೋದೆ. ಬಸ್ ಇಳಿಯುವಾಗ ರೂಢಿಯ ಮೇಲೆ ಕಂಡಕ್ಟರಿಗೆ ಧನ್ಯವಾದ ಹೇಳಿದೆ. ಟಿಕೆಟ್ ತೋರಿಸಬೇಕಾಯಿತು.

ದೊಡ್ಡಪ್ಪ ಚಹಾದಂಗಡಿಯಲ್ಲಿ ಕಥೆಯ ನಡುವಿನಲ್ಲಿದ್ದರು. ವಿಜ್ಞಾನಿಗಳು ಆಗಷ್ಟೇ ತಲೆಯ ಮೇಲೆ ಕೈ ಹೊತ್ತಿದ್ದರು. ನನ್ನನ್ನು ಕಂಡು, "ಬಾರವಾ, ಸಾಕ್ಷಿನ ಬಂದ್ಳು ನೋಡ್ರಿ!" ಎಂದರು. ನಾನು ಸಾಕ್ಷಿ ಹೇಳಲಿಲ್ಲ. ಅವರು ಕಥೆ ಮುಗಿಸಿ, ಕೇಳುವವರು ಎದ್ದು ಹೋದ ಮೇಲೆ ದನಿ ತಗ್ಗಿಸಿದರು.

"ಬಿತ್ತೇನು?"

"ಏನ್ರಿ?"

"ಮತ್ತ ಏನು! ತ್ಯಾಪಿ."

"ನೀವ ಫೋನ್ ಮಾಡಿ ಕೇಳ್ರಿ ದೊಡ್ಡಪ್ಪಾ."

"ನಾ ಕೇಳಿದ್ರ, ಬೀಳಲಿ ಅಂತ ಕೇಳಾಕತ್ತಾನ ಅಂತ ತಿಳೀತಾಳ." ಚಹಾದ ಕಪ್ಪಿನ ತಳ ನೋಡಿದರು. "ಖರೇ ಹೇಳ್ತೀನಿ, ಈಗ ಏನ ಬೇಡಿಕೋಬೇಕೋ ತಿಳೀವಲ್ದು. ಆ ಡ್ರಮ್ಮಿನ ಫೋಟೋ ಹಾಕಿ ಮಂದಿ ಮುಂದ ನಿಂತಳು ಅಂತ ನೀ ಫೋನಿನ್ಯಾಗ ಹೇಳಿದ ಮ್ಯಾಲೆ, ಬಿದ್ರೂ ಕೆಟ್ಟನಸತೈತಿ. ನೀನ ಹಚ್ಚು ಫೋನು."

ಹಚ್ಚಿದೆ. ಪರದೆಯ ಮೇಲೆ ಅಕ್ಕ ಬಂದಳು. ಅದು ಕಪ್ಪೆಗಳ ಕೋಣೆ. ಹಿಂದೆ ಕಿಟಕಿ ಮುಚ್ಚಿತ್ತು, ಡ್ರಮ್ಮು ಅಲ್ಲೇ ಇತ್ತು, ಅದರ ಬಾಯಿಂದ ಉಷ್ಣಮಾಪಕದ ದಾರ ಇಳಿಬಿದ್ದಿತ್ತು. ಹೆಗಲ ಮೇಲೆ ಅವ್ವನ ಶಾಲು. ದೊಡ್ಡಪ್ಪ ಪರದೆಯೊಳಗೆ ಬರದ ಹಾಗೆ ಬೆಂಚಿನ ತುದಿಗೆ ಸರಿದು ಕುಳಿತರು. ಒಂದು ಕಿವಿ ಮಾತ್ರ ನನ್ನ ಕಡೆ.

"ಬೆಚ್ಚಗಿನ ನೀರಾಗ ಹಾಕಿದ್ವು ಹೆಂಗ ಅದಾವ ಅಕ್ಕಾ?"

"ಒಂದರ ತ್ಯಾಪಿ ಅಂಚಿಗೆ ಮಸಕ ಆದಂಗ ಕಾಣತೈತಿ. ಮೊರಾಗ್ ಇಲ್ಲ ಅಂತಾಳ. ಉಳದಿದ್ವು ಹೊಳ್ಯಾಕತ್ತಾವು. ಇನ್ನೂ ಸ್ವಲ್ಪ ದಿನ ಹೋಗಬೇಕು, ಅಕ್ಷು. ಇವತ್ತ ಏನೂ ಹೇಳಾಕ ಬರಂಗಿಲ್ಲ."

ಅವಳು ಒಂದು ಬಟ್ಟಲು ಎತ್ತಿ ಕ್ಯಾಮೆರಾದ ಹತ್ತಿರ ತಂದಳು. ಹೊರಮೈ ಒಣಗಿತ್ತು. ಒಳಗೆ ಕಪ್ಪು ಬೆನ್ನಿನ ಮೇಲೆ ಬೆಳ್ಳಿಯ ಚುಕ್ಕೆ. ಬೆಚ್ಚಗಿನ ನೀರಿನಲ್ಲಿ ಕಪ್ಪೆಗೆ ಜೀವ ಬಂದ ಹಾಗಿತ್ತು. ಒಂದು ಕಡೆ ನಿಲ್ಲದೆ ಬಟ್ಟಲಿನ ಅಂಚಿಗೆ ಮೂತಿ ಒತ್ತುತ್ತಿತ್ತು.

ಬಟ್ಟಲು ಹಿಡಿದ ಅಕ್ಕನ ಕೈಯ ಮೇಲೆ ಶಾಲಿನ ಸೆರಗು ಜಾರಿತು. ಅವಳು ಇನ್ನೊಂದು ಕೈಯಿಂದ ಅದನ್ನು ಬಿಗಿಯಾಗಿ ಎಳೆದುಕೊಂಡಳು.

"ಥಂಡಿ ಆಗಾಕತ್ತೈತೇನು?" ಎಂದೆ.

"ಹೂಂ," ಎಂದಳು. "ಈ ಸಲ ಯಾಕೋ ಭಾಳ ಐತಿ."

ಮೂರು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಬೆಂಚಿನ ತುದಿಯಲ್ಲಿ ದೊಡ್ಡಪ್ಪ ಚಹಾದ ಕಪ್ಪು ಕೆಳಗಿಟ್ಟರು. ತೇಪೆಯ ಮಾತು ಬಿಟ್ಟು ನಾನು ಬೇರೆಯದೇ ಕೇಳಿದೆ.

"ಅಕ್ಕಾ, ಇಷ್ಟು ದಿನಾ ನೀ ಆ ಊರನ್ನ ಖರೇನ ನಮ್ಮೂರು ಅಂತ ಒಪ್ಪಿಕೊಂಡಿದ್ದೇನು, ಇಲ್ಲಾ ಕಿಡಿಕಿ ತೆರದಿತ್ತು ಅಂತ ಥಂಡಿಗೆ ಜಡ್ಡುಗಟ್ಟಿ ಸುಮ್ನ ಕುಂತಿದ್ದೇನು?"